ಗ್ರಂಥಋಣದಲ್ಲಿ ಇಲ್ಲದ ಸಂಪುಟ

ಎರಡು ವರ್ಷದ ಹಿಂದಿನ ಮಾತು. ಕನ್ನಡ ಎಂ.ಎ. ವಿದ್ಯಾರ್ಥಿಗಳ ಹನ್ನೊಂದು ಸಂಪ್ರಬಂಧಗಳು ಮೌಲ್ಯಮಾಪನಕ್ಕೆಂದು ನನ್ನ ಮೇಜಿಗೆ ಬಂದಿದ್ದವು. ಎಲ್ಲಕ್ಕೂ ಒಂದೇ ಜೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗು, ಒಂದೇ ನೀಲಿ ರಟ್ಟು. ಅವುಗಳಲ್ಲಿ ನಾಲ್ಕು ಶಾಸನಗಳನ್ನು ಕುರಿತವು. ಆ ನಾಲ್ಕರಲ್ಲೂ ಹಲ್ಮಿಡಿ ಶಾಸನದ ಮೇಲೆ ಒಂದು ಪ್ಯಾರಾ ಇತ್ತು. ಅಲ್ಪವಿರಾಮವೂ ಆಚೀಚೆಯಾಗದಂತೆ ನಾಲ್ಕೂ ಕಡೆ ಅದೇ ಪ್ಯಾರಾ. ಎಲ್ಲೋ ಓದಿದ್ದೇನಲ್ಲ ಅನ್ನಿಸಿ ಎದ್ದುಹೋಗಿ ಬೀರುವಿನಿಂದ ವಿಶ್ವಕೋಶ ತೆಗೆದೆ. ಅಲ್ಲಿಯದೇ.

ಕೊನೆಯ ಪುಟದ ಗ್ರಂಥಋಣದಲ್ಲಿ ಮಾತ್ರ ವಿಶ್ವಕೋಶದ ಸುಳಿವೇ ಇಲ್ಲ. ಅದರ ಬದಲು ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿ ಗಂಭೀರವಾಗಿ ಕೂತಿತ್ತು. ಮೌಖಿಕ ಪರೀಕ್ಷೆಯ ದಿನ ಒಬ್ಬಳನ್ನು ಕೇಳಿದೆ: “ಈ ವರದಿ ಎಲ್ಲಿ ಸಿಕ್ಕಿತಮ್ಮ?” ಹುಡುಗಿ ಮಾರ್ಗದರ್ಶಕರ ಕಡೆ ನೋಡಿದಳು, ನೆಲ ನೋಡಿದಳು, ಆಮೇಲೆ ನಿಜ ಹೇಳಿದಳು. “ನಾನು ನೋಡಿಲ್ಲ ಸರ್. ವಿಶ್ವಕೋಶದಲ್ಲಿ ಅದರ ಹೆಸರಿತ್ತು. ವಿಶ್ವಕೋಶ ಅಂತ ಹಾಕಿದ್ರೆ ಮಾರ್ಕ್ಸ್ ಹೋಗುತ್ತೆ ಅಂದಿದ್ರು.”

ಓದಿದ ಪುಸ್ತಕವನ್ನು ಮುಚ್ಚಿಟ್ಟು ಓದದ ಪುಸ್ತಕವನ್ನು ಮುಂದಿಡುವುದನ್ನು ನಾವೇ ಕಲಿಸಿದ್ದೇವೆ. ‘ವಿಶ್ವಕೋಶ ಆಕರವಲ್ಲ’ ಎಂಬ ನಿಯಮ ನಮ್ಮ ವಿಭಾಗಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಬರಹದಲ್ಲಿ ಎಲ್ಲಿದೆ ಎಂದು ಯಾರೂ ತೋರಿಸಲಾರರು, ಅಂಕ ಕಳೆಯುವಾಗ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ನಿಯಮದಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಅರ್ಧ ನಿಯಮವನ್ನು ಪೂರ್ತಿ ಎಂದುಕೊಂಡಿದ್ದೇವೆ ಎನ್ನುತ್ತಿದ್ದೇನೆ.

ಅಮೆರಿಕದ ವರ್ಮಾಂಟ್‌ನಲ್ಲಿ ಮಿಡ್ಲ್‌ಬರಿ ಎಂಬ ಕಾಲೇಜಿದೆ. ಅಲ್ಲಿ ಜಪಾನಿನ ಇತಿಹಾಸ ಓದುತ್ತಿದ್ದ ಹಲವು ವಿದ್ಯಾರ್ಥಿಗಳು, 1637–38ರ ಶಿಮಾಬರಾ ದಂಗೆಗೆ ಜೆಸ್ಯೂಟ್ ಪಾದ್ರಿಗಳ ಬೆಂಬಲವಿತ್ತೆಂದು ಪರೀಕ್ಷೆಯಲ್ಲಿ ಬರೆದರು. ದಂಗೆಗೆ ನೆರವಾಗುವ ಸ್ಥಿತಿಯಲ್ಲಿ ಆ ಪಾದ್ರಿಗಳು ಆಗ ಇರಲೇ ಇಲ್ಲ. ಮೇಷ್ಟ್ರು ಹುಡುಕಿದಾಗ ತಪ್ಪಿನ ಮೂಲ ವಿಕಿಪೀಡಿಯದಲ್ಲಿ ಸಿಕ್ಕಿತು. 2007ರಲ್ಲಿ ಅಲ್ಲಿನ ಇತಿಹಾಸ ವಿಭಾಗ, ವಿಕಿಪೀಡಿಯವನ್ನು ಆಕರವಾಗಿ ಕೊಡಬಾರದು ಎಂದು ತೀರ್ಮಾನಿಸಿತು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು, ನಮ್ಮಲ್ಲಿಗೂ ಬಂತು. ಆದರೆ ಆ ತೀರ್ಮಾನದಲ್ಲಿ ಇನ್ನೊಂದು ಮಾತೂ ಇತ್ತು: ಆಕರವಾಗಿ ಕೊಡಬಹುದಾದ ಪುಸ್ತಕಗಳ ಕಡೆಗೆ ವಿಕಿಪೀಡಿಯ ದಾರಿ ತೋರಿಸಬಲ್ಲದು ಎಂಬುದು. ಓದಬೇಡಿ ಎಂದು ಆ ವಿಭಾಗ ಹೇಳಲಿಲ್ಲ. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ ಕೂಡ ಆ ತೀರ್ಮಾನಕ್ಕೆ ತಕರಾರು ಎತ್ತಲಿಲ್ಲ. ವಿದ್ಯಾರ್ಥಿಗಳು ವಿಶ್ವಕೋಶದಲ್ಲೇ ನಿಂತುಬಿಡಬಾರದು ಎಂಬುದು ಅವರದ್ದೂ ಅಭಿಪ್ರಾಯವಾಗಿತ್ತು. ದಾರಿ ತೋರಿಸುವ ಆ ಮಾತು ನಮ್ಮ ಊರಿಗೆ ಬರುವಷ್ಟರಲ್ಲಿ ಎಲ್ಲೋ ಉದುರಿಹೋಯಿತು.

ಈ ಚರ್ಚೆ ಎದ್ದಾಗಲೆಲ್ಲ ‘ನೇಚರ್’ ಪತ್ರಿಕೆ 2005ರಲ್ಲಿ ಮಾಡಿದ ಹೋಲಿಕೆಯನ್ನು ಯಾರಾದರೂ ಎತ್ತುತ್ತಾರೆ. ವಿಜ್ಞಾನದ 42 ಲೇಖನಗಳನ್ನು ಪರಿಣತರಿಗೆ ಕೊಟ್ಟು ನೋಡಿದಾಗ ವಿಕಿಪೀಡಿಯದಲ್ಲಿ ಲೇಖನಕ್ಕೆ ಸರಾಸರಿ ನಾಲ್ಕು, ಬ್ರಿಟಾನಿಕಾದಲ್ಲಿ ಮೂರು ತಪ್ಪು ಕಂಡವು. ಬ್ರಿಟಾನಿಕಾದವರು ಸಿಟ್ಟಾಗಿ ದೀರ್ಘವಾದ ಆಕ್ಷೇಪ ಬರೆದರು, ನೇಚರ್ ಜಗ್ಗಲಿಲ್ಲ. ಸ್ವಾರಸ್ಯದ ಜಗಳವೇ. ಆದರೆ ತಪ್ಪಿನ ಲೆಕ್ಕದಿಂದ ನನ್ನ ಸಮಸ್ಯೆ ಬಗೆಹರಿಯುವುದಿಲ್ಲ. ಆ ನಾಲ್ಕು ಸಂಪ್ರಬಂಧಗಳ ಪ್ಯಾರಾದಲ್ಲಿ, ಅದು ವಿಶ್ವಕೋಶದಲ್ಲಿ ಅಚ್ಚಾದ ಕಾಲಕ್ಕೆ, ಒಂದೂ ತಪ್ಪು ಇರಲಿಲ್ಲ. ತೊಡಕು ಇದ್ದದ್ದು ಬೇರೆ ಕಡೆ.

ಹಲ್ಮಿಡಿಯನ್ನೇ ಹಿಡಿಯೋಣ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಆ ಊರಲ್ಲಿ ಎಂ.ಎಚ್. ಕೃಷ್ಣ ಅವರಿಗೆ ಈ ಕಲ್ಲು ಸಿಕ್ಕಿದ್ದು 1936ರಲ್ಲಿ. ‘ಕ್ರಿ.ಶ. 450ರ ಹಲ್ಮಿಡಿ ಶಾಸನ’ ಎಂದು ನಾವೆಲ್ಲ ಪ್ರಾಥಮಿಕ ಶಾಲೆಯಿಂದ ಬಾಯಿಪಾಠ ಮಾಡಿದ್ದೇವೆ. ಕಲ್ಲಿನ ಮೇಲೆ ಮಾತ್ರ ಯಾವ ವರ್ಷವೂ ಇಲ್ಲ. ಶಕವಿಲ್ಲ, ಸಂವತ್ಸರವಿಲ್ಲ. ಲಿಪಿಯ ರೂಪ ನೋಡಿ, ಅದರಲ್ಲಿ ಬರುವ ಕದಂಬ ದೊರೆ ಯಾರಿರಬಹುದೆಂದು ಲೆಕ್ಕಹಾಕಿ ವಿದ್ವಾಂಸರು ಊಹಿಸಿದ ಕಾಲ ಅದು. ಐದನೆಯ ಶತಮಾನದ ನಡುಭಾಗ ಎನ್ನುವವರಿದ್ದಾರೆ, ಅದರ ಕೊನೆ ಎನ್ನುವವರಿದ್ದಾರೆ, ಆರನೆಯ ಶತಮಾನಕ್ಕೆ ಒಯ್ಯುವವರೂ ಇದ್ದಾರೆ. ಒಬ್ಬೊಬ್ಬರ ಹಿಂದೆಯೂ ಅಕ್ಷರದ ಒಂದು ಬಾಲ, ಒಂದು ಕೊಂಬು, ಒಂದು ತಲೆಕಟ್ಟಿನ ವಾದವಿದೆ. ವಿಶ್ವಕೋಶದ ಸಂಪಾದಕನಿಗೆ ಇದನ್ನೆಲ್ಲ ಹರಡಲು ಜಾಗವಿಲ್ಲ. ಅವನಿಗೆ ಸಿಗುವುದು ಅರ್ಧ ಕಾಲಂ. ‘ಸು. 450’ ಎಂದು ಬರೆದು ಮುಂದೆ ಹೋಗುತ್ತಾನೆ. ಆ ‘ಸು.’ ಅವನ ಪ್ರಾಮಾಣಿಕತೆ. ವಿದ್ಯಾರ್ಥಿ ನಕಲು ಮಾಡುವಾಗ ಮೊದಲು ಬೀಳುವುದೇ ಆ ‘ಸು.’ ಊಹೆ ಹೀಗೆ ಘಟನೆಯಾಗುತ್ತದೆ. ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿ ಈ ಸಂಪ್ರಬಂಧವನ್ನೇ ಆಕರವಾಗಿ ಕೊಡುತ್ತಾನೆ.

‘ಕವಿರಾಜಮಾರ್ಗ’ದ್ದೂ ಇದೇ ಪಾಡು. ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ನೂರು ವರ್ಷ ಮೀರಿ ವಾದ ನಡೆದಿದೆ. ವಿಶ್ವಕೋಶ ಅಕಾರಾದಿಯಲ್ಲಿ ಇರುವುದರಿಂದ ವಾದವನ್ನು ಎಲ್ಲೋ ಒಂದು ಹೆಸರಿನ ಕೆಳಗೆ ಇಡಲೇಬೇಕು. ಹಾಗೆ ಇಟ್ಟ ಕೂಡಲೇ ಒಂದು ಕಡೆ ತೂಕ ಬಿತ್ತು. ಇದು ಸಂಪಾದಕರ ಪಕ್ಷಪಾತವಲ್ಲ, ಆ ಪ್ರಕಾರದ ಸ್ವಭಾವ. ಜಗಳ ಮುಗಿದ ಮೇಲೆ ಪಂಚಾಯಿತಿಯವರು ಬರೆಯುವ ತೀರ್ಪಿನಂತೆ ಅದರ ಭಾಷೆ. ಸಂಶೋಧನೆ ಹುಟ್ಟುವುದು ಜಗಳದ ಜಾಗದಲ್ಲಿ. ಹಾಗಾಗಿ ವಿಶ್ವಕೋಶದಲ್ಲಿ ವಿದ್ಯಾರ್ಥಿಗೆ ಬೇಕಾದ್ದೆಲ್ಲ ಸಿಕ್ಕರೂ ಪ್ರಶ್ನೆಯೊಂದು ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ, ಆಮೇಲೆ ಯೋಚಿಸುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂದದ್ದು 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ. ಸಾಹಸದ ಕೆಲಸ. ದೇ. ಜವರೇಗೌಡರಂಥವರ ಹಟವಿಲ್ಲದೆ ಅದು ಶುರುವಾಗುತ್ತಲೂ ಇರಲಿಲ್ಲ. ಆದರೆ ಅಕ್ಷರಮಾಲೆಯ ಕ್ರಮದಲ್ಲಿ ಸಂಪುಟಗಳು ಬಂದಿದ್ದರಿಂದ, ಮೊದಲ ಮುದ್ರಣದ ಮಟ್ಟಿಗೆ, ಕನ್ನಡದಲ್ಲಿ ಜ್ಞಾನದ ವಯಸ್ಸು ಅಕ್ಷರದ ಮೇಲೆ ನಿಂತಿತು. ‘ಅ’ದಿಂದ ಶುರುವಾಗುವ ವಿಷಯಗಳು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷದವು, ‘ಹ’ದವು ಕೈಗೆ ಮೊಬೈಲು ಬಂದ ಕಾಲದವು. ಮೊದಲ ಸಂಪುಟ ಅಚ್ಚಾದಾಗ ನಮ್ಮ ರಾಜ್ಯದ ಹೆಸರೇ ಇನ್ನೂ ಮೈಸೂರು. ಹಲ್ಮಿಡಿಯ ಅದೃಷ್ಟ, ಅದು ‘ಹ’ದಲ್ಲಿತ್ತು. ಆದರೂ ಸಾಲಲಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಬಳಿ ಅಗೆತ ನಡೆದು, ಕ್ರಿ.ಶ. 370ರದೆಂದು ಹೇಳಲಾದ ಶಾಸನ ಹೊರಬಂದದ್ದು ಆ ಸಂಪುಟ ಮುಗಿದು ಸುಮಾರು ಹತ್ತು ವರ್ಷದ ಮೇಲೆ. ‘ಕನ್ನಡದ ಮೊಟ್ಟಮೊದಲ ಶಾಸನ ಹಲ್ಮಿಡಿ’ ಎಂದು ನನ್ನ ನಾಲ್ವರೂ ಬರೆದಿದ್ದರು. ತಾಳಗುಂದದ ಹೆಸರು ಒಬ್ಬರಲ್ಲೂ ಇರಲಿಲ್ಲ. ಸಂಪುಟದ ಮೊದಲ ಪುಟ ತಿರುವಿ ಮುದ್ರಣದ ವರ್ಷ ನೋಡು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವಿಶ್ವಕೋಶವನ್ನೇ ನಿಷೇಧಿಸಿದ ಮೇಲೆ ಅದನ್ನು ಓದುವ ಬಗೆ ಯಾರು ಹೇಳಿಕೊಡುತ್ತಾರೆ?

ಈಗಿನವರು ಸಂಪುಟ ತೆಗೆಯುವುದೂ ಅಪರೂಪ. ನೇರ ಫೋನಿನಲ್ಲಿ ವಿಕಿಪೀಡಿಯ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು, ಅವು ವಿಕಿಸೋರ್ಸ್‌ಗೆ ಏರಿದವು, ಅಲ್ಲಿಂದ ಎಷ್ಟೋ ಲೇಖನಗಳು ವಿಕಿಪೀಡಿಯದ ಪುಟಗಳಾದವು. ಒಳ್ಳೆಯ ಕೆಲಸವೇ. ಆದರೆ ‘ಇದು ತಾಜಾ’ ಎಂದುಕೊಂಡು ಫೋನಿನಲ್ಲಿ ಓದುವ ಹುಡುಗ ಕೆಲವೊಮ್ಮೆ ತನ್ನ ಅಪ್ಪ ಹುಟ್ಟುವ ಮೊದಲು ಬರೆದ ವಾಕ್ಯವನ್ನು ಓದುತ್ತಿರುತ್ತಾನೆ. ಪುಟದ ಅಡಿಯಲ್ಲಿ ಮೂಲದ ಹೆಸರು ಇರುತ್ತದೆ. ಅಷ್ಟು ಕೆಳಗೆ ಬೆರಳು ಹೋಗುವುದಿಲ್ಲ. ಪುಟದ ಹಳೆಯ ರೂಪಗಳನ್ನು ತೋರಿಸುವ ‘ಇತಿಹಾಸ’ ಎಂಬ ಕೊಂಡಿ ಇದೆ, ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಯಾವ ಮುದ್ರಿತ ಕೋಶವೂ ತನ್ನ ಅಡುಗೆಮನೆಯನ್ನು ಹೀಗೆ ತೆರೆದಿಟ್ಟಿಲ್ಲ. ಹದಿನೈದು ವರ್ಷದಲ್ಲಿ ಆ ಕೊಂಡಿ ಒತ್ತಿದೆನೆಂದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಂಡಿಲ್ಲ. ಒತ್ತಿ ಎಂದ ಮೇಷ್ಟ್ರನ್ನೂ.

ಒತ್ತದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೋವಾಟಿ ಎಂಬ ದಕ್ಷಿಣ ಅಮೆರಿಕದ ಪ್ರಾಣಿಯ ಕತೆ ಸಾಕು. 2008ರಲ್ಲಿ ಅಮೆರಿಕದ ಹುಡುಗನೊಬ್ಬ ತಮಾಷೆಗೆ, ಇದಕ್ಕೆ ‘ಬ್ರೆಜಿಲಿಯನ್ ಆರ್ಡ್‌ವಾರ್ಕ್’ ಎಂಬ ಹೆಸರೂ ಇದೆಯೆಂದು ವಿಕಿಪೀಡಿಯದಲ್ಲಿ ಸೇರಿಸಿದ. ಕೆಲವು ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಪುಸ್ತಕಗಳಲ್ಲೂ ಬಂತು. ಆಮೇಲೆ ಆ ಪತ್ರಿಕೆಗಳಲ್ಲೊಂದರ ವರದಿಯೇ ವಿಕಿಪೀಡಿಯದ ಸಾಲಿಗೆ ಆಧಾರವಾಯಿತು. ತನ್ನ ನೆರಳನ್ನೇ ಸಾಕ್ಷಿಗೆ ಕರೆದಂತೆ. ಮುದ್ರಿತ ಕೋಶಗಳೇನು ಪರಮ ಪವಿತ್ರ ಎನ್ನಬೇಡಿ. 1975ರ ‘ನ್ಯೂ ಕೊಲಂಬಿಯಾ ಎನ್‌ಸೈಕ್ಲೋಪೀಡಿಯ’ದಲ್ಲಿ ಮೌಂಟ್‌ವೀಜಲ್ ಎಂಬ ಛಾಯಾಗ್ರಾಹಕಿಯ ಮೇಲೊಂದು ಲೇಖನವಿದೆ. ಅಂಥವಳು ಹುಟ್ಟಿಯೇ ಇರಲಿಲ್ಲ, ಸಂಪಾದಕರೇ ಸೃಷ್ಟಿಸಿ ಸೇರಿಸಿದ ಹೆಸರು ಅದು.

ಇಷ್ಟಾದರೂ ವಿಶ್ವಕೋಶವನ್ನು ಗ್ರಂಥಋಣದಿಂದ ಓಡಿಸಬೇಕೆಂದು ನನಗನ್ನಿಸುವುದಿಲ್ಲ. ಎಲ್ಲ ಲೇಖನವೂ ಒಂದೇ ತೂಕದ್ದಲ್ಲ. ಕನ್ನಡ ವಿಶ್ವಕೋಶದ ಲೇಖನಗಳ ಕೊನೆಗೆ ಆವರಣದಲ್ಲಿ ಬರೆದವರ ಹೆಸರಿನ ಮೊದಲಕ್ಷರಗಳಿರುತ್ತವೆ. ಆ ಎರಡು ಮೂರು ಅಕ್ಷರದ ಹಿಂದೆ ಕೆಲವೊಮ್ಮೆ ಆ ವಿಷಯಕ್ಕೇ ಜೀವ ತೇಯ್ದವರು ಇರುತ್ತಾರೆ. ಅಂಥ ಲೇಖನವನ್ನು ಬರೆದವರ ಹೆಸರು ಹಿಡಿದು, ಸಂಪುಟ ಮತ್ತು ವರ್ಷದೊಂದಿಗೆ ಉಲ್ಲೇಖಿಸಿದರೆ ಅದು ವಿದ್ವಾಂಸನ ಪ್ರಬಂಧವನ್ನು ಉಲ್ಲೇಖಿಸಿದಂತೆಯೇ. ಬರೇ ‘ವಿಶ್ವಕೋಶ’ ಎಂದು ಹಾಕುವುದು, ಚಿಕ್ಕಮಗಳೂರಲ್ಲಿ ಯಾರೋ ಹೇಳಿದರು ಎಂದಂತೆ. ಕಲಿಸಬೇಕಾದ್ದು ಈ ವ್ಯತ್ಯಾಸವನ್ನು.

ಕೆಲವು ಸಲ ಕೋಶವೇ ಮೂಲ ಆಕರ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ನೂರು ಅಧ್ಯಾಯದ ಕೋಶವಲ್ಲದೆ ಮತ್ತೇನು? ಆ ಕಾಲದ ಅಡುಗೆ, ಆನೆ, ಆಟಗಳ ಮೇಲೆ ಸಂಶೋಧನೆ ಮಾಡುವವನು ಅದನ್ನು ಬಿಟ್ಟು ಎಲ್ಲಿಗೆ ಹೋದಾನು? ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ಯೂ ಹಾಗೆಯೇ. ಕಾರಂತರ ‘ಬಾಲಪ್ರಪಂಚ’ ಬಂದದ್ದು 1936ರಲ್ಲಿ, ಹಲ್ಮಿಡಿಯ ಕಲ್ಲು ಸಿಕ್ಕ ಅದೇ ವರ್ಷ. ಅದನ್ನು ವಿಜ್ಞಾನ ಕಲಿಯಲು ಇವತ್ತು ಯಾರೂ ತೆಗೆಯಬೇಕಿಲ್ಲ. ಕನ್ನಡದ ಮಗುವಿಗೆ ಜಗತ್ತನ್ನು ಒಬ್ಬನೇ ಮನುಷ್ಯ ಹೇಗೆ ವಿವರಿಸಿದ, ಯಾವ ಪದ ಕಟ್ಟಿದ, ಏನನ್ನು ಬಿಟ್ಟ ಎಂದು ನೋಡಹೊರಟರೆ ಅದಕ್ಕಿಂತ ದೊಡ್ಡ ಆಕರ ಇಲ್ಲ. ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯ ಮೇಲೆ ಅಂಥ ಪಿಎಚ್.ಡಿ. ಒಂದಾದರೂ ಬರಲಿ ಎಂಬುದು ನನ್ನ ಬಹುದಿನದ ಆಸೆ.

ಈಗ ನಮ್ಮದೇ ತಟ್ಟೆಗೆ ಬರೋಣ. ನಾವು ವಿದ್ಯಾರ್ಥಿಗಳಿಗೆ ಕೊಡುವ ವಿಷಯಗಳ ಪಟ್ಟಿ ನೋಡಿ. ‘ಹಲ್ಮಿಡಿ ಶಾಸನ: ಒಂದು ಅಧ್ಯಯನ’, ‘ಪಂಪ: ಒಂದು ಸಮೀಕ್ಷೆ’, ‘ಬಾದಾಮಿ ಚಾಲುಕ್ಯರು: ಒಂದು ಅವಲೋಕನ’. ಆ ‘ಒಂದು’ ಮತ್ತು ಅದರ ಮುಂದಿನದನ್ನು ತೆಗೆದುಹಾಕಿದರೆ ಉಳಿಯುವುದು ವಿಶ್ವಕೋಶದ ತಲೆಬರಹ. ತಲೆಬರಹ ಕೊಟ್ಟರೆ ಅದರ ಕೆಳಗಿನ ಲೇಖನ ಬರುತ್ತದೆ, ಬೇರೇನು ಬರಬೇಕು? ಇಂಥ ವಿಷಯಗಳನ್ನು ನಾನೂ ಹತ್ತಾರು ಕೊಟ್ಟಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಪಟ್ಟಿ ಕಚೇರಿಗೆ ಹೋಗಬೇಕಿರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕಟ್ಟಲು ಪುರುಸೊತ್ತಿಲ್ಲ. ಆಮೇಲೆ ಯುಜಿಸಿಯ 2018ರ ನಿಯಮ ಹಿಡಿದು, ಹೋಲಿಕೆ ಶೇಕಡಾ 10 ದಾಟಿತೋ ಎಂದು ತಂತ್ರಾಂಶಕ್ಕೆ ಹಾಕಿ ನೋಡುತ್ತೇವೆ. ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪಾದ ಕನ್ನಡವನ್ನು ಆ ತಂತ್ರಾಂಶ ಏನೆಂದು ಓದುತ್ತದೋ, ಅದಕ್ಕೇ ಗೊತ್ತು.

ಶಾಸನಗಳ ಮಟ್ಟಿಗಂತೂ ಮೂಲ ದೂರವೂ ಇಲ್ಲ. ವಿಶ್ವಕೋಶ ತಂದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯೇ 1972ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನೂ ತಂದಿತು. ಅನೇಕ ಗ್ರಂಥಾಲಯಗಳ ಪರಾಮರ್ಶನ ವಿಭಾಗದಲ್ಲಿ ಎರಡೂ ಒಂದೇ ಗಾಜಿನ ಬೀರುವಿನಲ್ಲಿವೆ, ಮೇಲಿನ ಹಲಗೆಯಲ್ಲಿ ಒಂದು, ಕೆಳಗಿನದರಲ್ಲಿ ಇನ್ನೊಂದು. ಬೀಗದ ಕೈ ಎಲ್ಲಿದೆ ಎಂಬುದು ಬೇರೆ ಮಾತು.

ಕಳೆದ ವರ್ಷ ವಿಷಯದ ಪಟ್ಟಿಯಿಂದ ‘ಒಂದು ಅಧ್ಯಯನ’ವನ್ನು ತೆಗೆದುಹಾಕಿದೆ. ಹಾಸನದ ಕಡೆಯ ಹುಡುಗನೊಬ್ಬನಿಗೆ, ಹಲ್ಮಿಡಿಯ ಕಾಲವನ್ನು ಯಾರ್ಯಾರು ಯಾವ ಕಾರಣ ಕೊಟ್ಟು ಹೇಳಿದ್ದಾರೆ, ಅಷ್ಟು ಮಾತ್ರ ನೋಡು ಎಂದೆ. ಮೊದಲು ವಿಶ್ವಕೋಶ ಓದು, ಓದಿದ್ದನ್ನು ಅಡಿಟಿಪ್ಪಣಿಯಲ್ಲಿ ಧೈರ್ಯವಾಗಿ ಬರೆ ಎಂದೂ ಹೇಳಿದೆ. ತಿಂಗಳು ಕಳೆದು, ಆ ಕಲ್ಲನ್ನು ಇಟ್ಟಿರುವ ವಸ್ತುಸಂಗ್ರಹಾಲಯದಿಂದ ಫೋನು ಮಾಡಿದ.

“ಮೇಷ್ಟ್ರೇ, ಎಲ್ಲರೂ ಹದಿನಾರು ಸಾಲು ಅಂತ ಬರೆದಿದ್ದಾರೆ. ನಾನು ಎರಡು ಸಲ ಎಣಿಸಿದೆ, ಎದುರಿಗೆ ಹದಿನೈದೇ ಇದೆ.”

“ಎಡಕ್ಕೆ ಬಂದು ನೋಡಪ್ಪ.”

ಸ್ವಲ್ಪ ಹೊತ್ತು ಸದ್ದಿಲ್ಲ. ಹದಿನಾರನೆಯದು ಕಲ್ಲಿನ ಎಡಮಗ್ಗುಲಲ್ಲಿ ನೆಟ್ಟಗೆ ನಿಂತಿದೆ, ಗದ್ದೆಯ ತೆರಿಗೆ ಬಿಟ್ಟ ಮಾತು ಅದರಲ್ಲಿದೆ.

“ಸಿಕ್ತು ಸಾರ್. ಇದನ್ನ ಯಾಕೆ ಪಕ್ಕಕ್ಕೆ ಬರೆದ್ರು? ಮುಂದೆ ಜಾಗ ಸಾಲದೆ ಬರೆದದ್ದೋ, ಆಮೇಲೆ ಯಾರಾದರೂ ಸೇರಿಸಿದ್ದೋ? ಅಕ್ಷರ ಒಂದೇ ಕೈಯದ್ದು ಅನ್ನಿಸ್ತಾ ಇಲ್ಲ.”

ನನಗೆ ಗೊತ್ತಿಲ್ಲ ಎಂದೆ.