ಕಾಲಕ್ರಮವೂ ಕಾರಣಕ್ರಮವೂ: ಗಣಕ ವ್ಯವಸ್ಥೆಗಳ ನಿಯತ ಕರೆಗಳನ್ನು ಕುರಿತ ಒಂದು ವಿಮರ್ಶೆ

ಒಂದು ಘಟನೆಯ ಅನಂತರ ಮತ್ತೊಂದು ನಡೆಯಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಲಾರದೆಂಬುದು ಚರಿತ್ರೆಯ ಅಭ್ಯಾಸಿ ಕಲಿಯಬೇಕಾದ ಮೊದಲ ಪಾಠಗಳಲ್ಲಿ ಒಂದು. ಇಂದಿನ ಗಣಕ ವ್ಯವಸ್ಥೆಗಳು ಈ ಪಾಠವನ್ನು ಪೂರ್ತಿಯಾಗಿ ಕಲಿತಿಲ್ಲವೆಂಬುದೇ ಪ್ರಕೃತ ಲೇಖನದ ವಾದ. ದೊಡ್ಡ ಸಂಸ್ಥೆಯೊಂದರಲ್ಲಿ ಸಂಬಳದ ಲೆಕ್ಕ, ಉಗ್ರಾಣದ ಲೆಕ್ಕ, ಗಿರಾಕಿಗಳ ಖಾತೆ ಇವು ಬೇರೆ ಬೇರೆ ವ್ಯವಸ್ಥೆಗಳಲ್ಲಿರುವುದು ವಾಡಿಕೆ. ಇವನ್ನು ಒಂದುಗೂಡಿಸುವ ಸಲುವಾಗಿ ಒಂದು ವ್ಯವಸ್ಥೆಯು ಜಾಲದ ಮೂಲಕ ಇನ್ನೊಂದನ್ನು ಕರೆದು ಮಾಹಿತಿಯನ್ನು ಕೇಳುತ್ತದೆ, ಇಲ್ಲವೆ ಒಪ್ಪಿಸುತ್ತದೆ. ಇದೇ ವೆಬ್ ಸೇವೆಯ ಕರೆ. ಮನುಷ್ಯನ ಕೈ ಸೋಕದೆ, ಗೊತ್ತಾದ ವೇಳೆಗೆ ಈ ಕರೆ ತಾನಾಗಿ ನಡೆಯುವಂತೆ ಏರ್ಪಡಿಸುವುದು ವೇಳಾನಿಯೋಜನೆ. ಎಂಜಿನಿಯರರ ಈ ವಿಷಯಕ್ಕೆ ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಸ್ಥಳವೆಲ್ಲಿ ಎಂದು ಕೇಳಬಹುದು. ಇಂದಿನ ಲೆಕ್ಕಪತ್ರಗಳೇ ನಾಳಿನ ಇತಿಹಾಸಕಾರನ ಆಕರಗಳು. ಅವು ಹುಟ್ಟುವ ಬಗೆ ನಮಗೂ ಸೇರಿದ ಪ್ರಶ್ನೆ.

ಈ ಏರ್ಪಾಟಿನ ಅತ್ಯಂತ ಪ್ರಸಿದ್ಧವಾದ ಸಾಧನ ಕ್ರಾನ್. ೧೯೭೯ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಅದು ಸೇರಿತ್ತು. ೧೯೮೭ರಲ್ಲಿ ಪಾಲ್ ವಿಕ್ಸಿಯವರು ರಚಿಸಿದ ರೂಪವು ಅನಂತರ ಬಹುವಾಗಿ ಪ್ರಚಾರಕ್ಕೆ ಬಂದಿತು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ ಎಂಬ ಐದು ಅಂಕಣಗಳಲ್ಲಿ ವೇಳೆಯನ್ನು ಗುರುತಿಸಿ, ಮುಂದೆ ಆಜ್ಞೆಯನ್ನು ಬರೆದಿಟ್ಟರೆ ಸಾಕು, ಯಂತ್ರವು ನಿಮಿಷನಿಮಿಷಕ್ಕೂ ಎದ್ದು ಆ ಪಟ್ಟಿಯನ್ನು ನೋಡಿ ನಡೆದುಕೊಳ್ಳುತ್ತದೆ. ನಮ್ಮ ಪಂಚಾಂಗಕ್ಕೂ ಅಂಗಗಳು ಐದೇ ಎಂಬುದನ್ನು ನೆನೆದರೆ ಈ ರಚನೆಯ ಸೊಗಸು ಕನ್ನಡಿಗರಿಗೆ ಬೇಗನೆ ಮನದಟ್ಟಾದೀತು. ಅಷ್ಟು ಕಿರಿದಾದ ಬರಹದಲ್ಲಿ ಅಷ್ಟು ಕೆಲಸವನ್ನು ಅಡಗಿಸಿದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಪಂಚಾಂಗವು ಮುಹೂರ್ತವನ್ನು ಹೇಳಬಲ್ಲುದೇ ಹೊರತು ವರನ ದಿಬ್ಬಣ ಬಂದಿತೇ ಇಲ್ಲವೇ ಎಂಬುದನ್ನು ಹೇಳಲಾರದು. ಕ್ರಾನಿನ ಮಿತಿಯೂ ಇದೇ. ರಾತ್ರಿ ಒಂದು ಗಂಟೆಗೆ ಉಗ್ರಾಣದ ದಿನದ ಲೆಕ್ಕ ಮುಗಿಯುವುದೆಂದು ನಂಬಿ, ಎರಡು ಗಂಟೆಗೆ ಹಣಕಾಸಿನ ವ್ಯವಸ್ಥೆಯು ಅದನ್ನು ಕರೆದು ಕೇಳುವಂತೆ ಗೊತ್ತುಮಾಡಿದ್ದಾರೆಂದು ಊಹಿಸೋಣ. ಒಂದು ರಾತ್ರಿ ಸರಕು ಹೆಚ್ಚಾಗಿ ಲೆಕ್ಕವು ಮೂರು ಗಂಟೆಯವರೆಗೆ ನಡೆದರೆ, ಎರಡು ಗಂಟೆಯ ಕರೆ ನಿಲ್ಲುವುದಿಲ್ಲ. ಅದಕ್ಕೆ ಉತ್ತರವೂ ದೊರೆಯುತ್ತದೆ. ಕರೆ ಯಶಸ್ವಿಯಾಯಿತೆಂಬ ಸಂಕೇತವೂ ಬರುತ್ತದೆ. ದೊರೆತದ್ದು ಮಾತ್ರ ಅರ್ಧ ಲೆಕ್ಕ. ಒಂದು ಗಂಟೆಯ ಅಂತರವನ್ನು ಕಾರ್ಯಕಾರಣ ಸಂಬಂಧವೆಂದು ಭ್ರಮಿಸಿದ್ದೇ ಇಲ್ಲಿಯ ದೋಷ. ಇದಲ್ಲದೆ, ಒಂದನೆಯ ತಾರೀಖು ಸೋಮವಾರವಾದಾಗ ಮಾತ್ರ ನಡೆಯಲೆಂದು ಎರಡು ಅಂಕಣಗಳನ್ನೂ ತುಂಬಿದರೆ, ಕ್ರಾನಿನ ನಿಯಮದಂತೆ ಪ್ರತಿಯೊಂದು ಒಂದನೆಯ ತಾರೀಖಿನಂದೂ ಪ್ರತಿ ಸೋಮವಾರವೂ ಕೆಲಸ ನಡೆಯುತ್ತದೆ. ಗೊತ್ತಾದ ವೇಳೆಗೆ ಯಂತ್ರವೇ ನಿಂತಿದ್ದರೆ ಆ ಸರದಿ ಸದ್ದಿಲ್ಲದೆ ತಪ್ಪಿಹೋಗುತ್ತದೆ.

ವೇಳೆಯಾದರೂ ಎಲ್ಲರಿಗೂ ಒಂದೇ ಆಗಿದೆಯೆ? ಭಾರತದ ಪ್ರಮಾಣ ಕಾಲವು ೧೯೦೬ರಲ್ಲಿ ಜಾರಿಗೆ ಬಂದುದು. ಅದು ಅಂತರರಾಷ್ಟ್ರೀಯ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ಬೆಂಗಳೂರಿನಲ್ಲಿ ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಆದ ವ್ಯವಹಾರಕ್ಕೆ, ಅಂತರರಾಷ್ಟ್ರೀಯ ಕಾಲವನ್ನು ಅನುಸರಿಸುವ ಯಂತ್ರದಲ್ಲಿ ಹಿಂದಿನ ದಿನದ ತಾರೀಖು ಬೀಳುತ್ತದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಎರಡೂವರೆ ಗಂಟೆಯ ಜಾವವೇ ಇರುವುದಿಲ್ಲ. ನವೆಂಬರಿನ ಮೊದಲ ಭಾನುವಾರ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ಈಚಿನ ಕೆಲವು ಸಾಧನಗಳು ಇದಕ್ಕೆ ಪರಿಹಾರವನ್ನು ಒದಗಿಸಿರುವುವಾದರೂ, ಗಡಿಯಾರವು ನಿರ್ವಿಕಾರವಾದ ಸಾಕ್ಷಿಯೆಂಬ ನಂಬಿಕೆ ಇದರಿಂದ ಸಡಿಲವಾಗುತ್ತದೆ.

ಕೆಲಸಗಳ ಪರಸ್ಪರ ಅವಲಂಬನೆಯನ್ನು ಅರಿತು ನಡೆಯುವ ನಿಯೋಜಕಗಳು ಈಗ ಇವೆಯಲ್ಲವೆ ಎಂಬ ಆಕ್ಷೇಪವು ನ್ಯಾಯವಾದುದೇ. ಒಂದು ಮುಗಿದ ಮೇಲೆಯೇ ಮತ್ತೊಂದನ್ನು ಅವು ಪ್ರಾರಂಭಿಸಬಲ್ಲವು. ಆದರೆ ಕ್ರಮದ ಜ್ಞಾನವೆಲ್ಲ ಒಂದೆಡೆ ಶೇಖರವಾದರೆ ಅಪಾಯವೂ ಅಲ್ಲಿಯೇ ಶೇಖರವಾಗುತ್ತದೆ. ೨೦೧೨ರ ಜೂನ್ ೧೭ರಂದು ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹವು, ರಾತ್ರಿಯ ಖಾತೆಗಳ ಕೆಲಸಕ್ಕೆ ಕ್ರಮವನ್ನು ವಿಧಿಸುವ ನಿಯೋಜಕ ತಂತ್ರಾಂಶವನ್ನು ನವೀಕರಿಸಿತು. ತೊಡಕು ಕಂಡುಬರಲು, ಪರಿಣಾಮವನ್ನು ಪರೀಕ್ಷಿಸದೆ ಹೊಸದನ್ನು ತೆಗೆದುಹಾಕಿತು. ಆ ದೇಶದಲ್ಲಿ ೬೫ ಲಕ್ಷಕ್ಕೂ ಮಿಕ್ಕ ಗಿರಾಕಿಗಳು ತೊಂದರೆಗೊಳಗಾದರು. ಖಾತೆಯಲ್ಲಿರುವ ಹಣವೆಷ್ಟೆಂದು ಸರಿಯಾಗಿ ತಿಳಿಯದಾಯಿತು. ಪರದೇಶದಲ್ಲಿದ್ದವರ ಕೈಗೆ ಹಣ ಸಿಗದಾಯಿತು. ಕೆಲವು ಸಂಸ್ಥೆಗಳಿಗೆ ಸಂಬಳವನ್ನು ಬಟವಾಡೆ ಮಾಡಲಾಗಲಿಲ್ಲ. ಅಲ್‌ಸ್ಟರ್ ಬ್ಯಾಂಕಿನಲ್ಲಿ ಈ ಅಸ್ತವ್ಯಸ್ತತೆ ಜುಲೈ ೧೦ರವರೆಗೆ ಮುಂದುವರಿಯಿತು. ೨೦೧೪ರ ನವೆಂಬರಿನಲ್ಲಿ ಆ ದೇಶದ ಎರಡು ನಿಯಂತ್ರಣ ಸಂಸ್ಥೆಗಳು ಒಟ್ಟು ೫ ಕೋಟಿ ೬೦ ಲಕ್ಷ ಪೌಂಡುಗಳ ದಂಡವನ್ನು ವಿಧಿಸಿದುವು.

ಇನ್ನು, ಕರೆಯನ್ನು ಮರುಕಳಿಸುವ ಪ್ರಶ್ನೆ. ಕರೆ ಹೋಗಿ ಉತ್ತರ ಬಾರದಿದ್ದಾಗ, ಕೆಲಸ ನಡೆದಿಲ್ಲವೋ ಅಥವಾ ಉತ್ತರವಷ್ಟೇ ಕಳೆದುಹೋಯಿತೋ ಎಂಬುದು ಕರೆದವನಿಗೆ ತಿಳಿಯದು. ಮತ್ತೆ ಕರೆದರೆ ಹಣ ಎರಡು ಸಲ ಸಂದಾಯವಾಗಬಹುದು. ಗೂಗಲ್ ಸಂಸ್ಥೆಯ ಎಂಜಿನಿಯರರು ೨೦೧೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ರಾನನ್ನು ಕುರಿತ ಒಂದು ಅಧ್ಯಾಯವಿದ್ದು, ಕೆಲಸವು ಎರಡು ಬಾರಿ ನಡೆಯುವ ಅಪಾಯಕ್ಕಿಂತ ಒಂದು ಬಾರಿ ತಪ್ಪಿಹೋಗುವುದೇ ಲೇಸೆಂಬ ನಿಲುವನ್ನು ಅಲ್ಲಿ ತಳೆಯಲಾಗಿದೆ. ತಪ್ಪಿದುದನ್ನು ಆಮೇಲೆ ಮಾಡಬಹುದು, ಮಾಡಿದ್ದನ್ನು ಅಳಿಸುವುದು ಕಷ್ಟ ಎಂಬ ತರ್ಕಕ್ಕೆ ಬಲವಿದೆ. ಆದರೂ ಆಕರಗಳೊಡನೆ ಪಳಗಿದವರು ಇದನ್ನು ಪೂರ್ತಿಯಾಗಿ ಒಪ್ಪಲಾರರು. ಎರಡು ಸಲ ಬರೆದ ದಾಖಲೆಯು ತನ್ನ ದೋಷವನ್ನು ತಾನೇ ಹೊರಗೆಡಹುತ್ತದೆ. ಬರೆಯದೆ ಹೋದ ದಾಖಲೆಗೆ ಬಾಯಿಯಿಲ್ಲ. ಲೋಪವೂ ದಾಖಲಾಗುವಂತಿದ್ದರೆ ಮಾತ್ರ ಲೋಪವು ಲೇಸು.

ಹಾಗೆಂದು ವೇಳಾಪಟ್ಟಿಯನ್ನೇ ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ದೇಶದ ಹಣ ವರ್ಗಾವಣೆಯ ನೆಫ್ಟ್ ಪದ್ಧತಿಯು ೨೦೧೯ರ ಡಿಸೆಂಬರ್ ೧೬ರಿಂದ ಹಗಲಿರುಳೂ ಅರ್ಧ ಗಂಟೆಗೊಂದರಂತೆ, ದಿನಕ್ಕೆ ೪೮ ತಂಡಗಳಲ್ಲಿ ನಡೆಯುತ್ತಿದೆ. ಅಲ್ಲಿ ಗಡಿಯಾರವೊಂದೇ ಪ್ರಮಾಣವಲ್ಲ. ತಂಡದ ಲೆಕ್ಕ ಚುಕ್ತವಾದ ಎರಡು ಗಂಟೆಯೊಳಗೆ ಹಣವನ್ನು ಖಾತೆಗೆ ಸೇರಿಸಬೇಕು, ಆಗದಿದ್ದರೆ ಹಿಂದಿರುಗಿಸಬೇಕು. ತಡಮಾಡಿದ ಬ್ಯಾಂಕು ದಂಡದ ಬಡ್ಡಿಯನ್ನು ತೆರಬೇಕು. ವೇಳೆಯ ಜೊತೆಗೆ ಜವಾಬುದಾರಿಯನ್ನೂ ಕಟ್ಟಿರುವುದರಲ್ಲಿ ಈ ಏರ್ಪಾಟಿನ ವಿವೇಕವಿದೆ.

ಆದುದರಿಂದ ನಿಯತ ಕರೆಗಳ ಯಾವ ವ್ಯವಸ್ಥೆಯನ್ನೇ ಆಗಲಿ ಮೂರು ಪ್ರಶ್ನೆಗಳಿಂದ ಪರೀಕ್ಷಿಸುವುದು ಉಚಿತ. ಹಿಂದಿನ ಕೆಲಸ ಮುಗಿಯಿತೆಂಬುದಕ್ಕೆ ಗಡಿಯಾರವನ್ನುಳಿದು ಬೇರೆ ಸಾಕ್ಷ್ಯವಿದೆಯೆ? ಪ್ರತಿಯೊಂದು ಕರೆಗೂ ಅದರದೇ ಆದ ಗುರುತಿನ ಸಂಖ್ಯೆಯಿದ್ದು, ಮತ್ತೆ ಬಂದರೆ ಅದೇ ಕರೆಯೆಂದು ತಿಳಿಯುವುದೆ? ನಡೆಯಬೇಕಾಗಿದ್ದು ನಡೆಯದೆ ಹೋದುದರ ಪಟ್ಟಿ ಎಲ್ಲಿಯಾದರೂ ಉಳಿಯುವುದೆ? ಮೂರಕ್ಕೂ ಹೌದೆಂಬ ಉತ್ತರ ದೊರೆಯದ ಕಡೆ ವೇಳಾಪಟ್ಟಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ನಂಬಲಾಗದು. ತಿಂಗಳ ಕೊನೆಯಲ್ಲಿ ಸಂಬಳಕ್ಕಾಗಿ ಕಾದಿರುವವನಿಗೆ ಯಂತ್ರವು ಎರಡು ಗಂಟೆಗೆ ಸರಿಯಾಗಿ ಎದ್ದಿತೆಂಬುದು ಸಮಾಧಾನವಾಗಲಾರದು. ಹಣ ಬಂದಿತೇ, ಬಾರದಿದ್ದರೆ ಏಕೆ ಬರಲಿಲ್ಲ ಎಂಬುದಕ್ಕೆ ಅವನಿಗೆ ಉತ್ತರ ಸಲ್ಲಬೇಕು.