ಪಿಜ್ಜಾ, ಅಕ್ಕಿರೊಟ್ಟಿ ಮತ್ತು ಒಂದು ಕುರ್ಚಿ

ಗುಡ್ಡ ಹತ್ತಿದವರಿಗೆ ದೇವರು ಕಾಣುತ್ತಾನೋ ಇಲ್ಲವೋ, ಹಸಿವಂತೂ ಆಗಿಯೇ ಆಗುತ್ತದೆ. ಬಾಬಾಬುಡನ್‌ಗಿರಿ ನೋಡಿ, ಮಾಣಿಕ್ಯಧಾರೆಯಲ್ಲಿ ತಲೆ ಒದ್ದೆ ಮಾಡಿಕೊಂಡು, ಮುಳ್ಳಯ್ಯನಗಿರಿಯ ಗಾಳಿಗೆ ಮೈಯೊಡ್ಡಿ ಇಳಿದು ಬರುವ ಸಂಸಾರಗಳನ್ನು ಯಾವ ಭಾನುವಾರ ಬೇಕಾದರೂ ನಮ್ಮ ಚಿಕ್ಕಮಗಳೂರು ಪೇಟೆಯಲ್ಲಿ ನೋಡಬಹುದು. ಯಜಮಾನರು ಕಾರಿಗೆ ಒರಗಿ ನಿಂತು ಫೋನಿನಲ್ಲಿ ಹೋಟೆಲು ಹುಡುಕುತ್ತಿರುತ್ತಾರೆ. ಮಕ್ಕಳು ಪಿಜ್ಜಾ ಬೇಕೆಂದು ರಚ್ಚೆ ಹಿಡಿದಿರುತ್ತವೆ. ಅತ್ತೆಯವರಿಗೆ ಅನ್ನ ಸಾರೇ ಆಗಬೇಕು. ಮನೆಯಾಕೆಯ ಕಣ್ಣು ಮಾತ್ರ ಬೋರ್ಡಿನ ಬಲಗಡೆ, ಬೆಲೆ ಬರೆದಿರುವ ಕಡೆಗೆ. ನಾನು ಇದನ್ನು ಬರೆಯುತ್ತಿರುವುದು ಅವಳಿಗಾಗಿ ಎಂದರೂ ನಡೆದೀತು.

ಅಮೆರಿಕದ ಕೊಲರಾಡೋದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ ಒಂದು ಮಾತು ಹೇಳಿದಳು. ಅಲ್ಲಿ ಹಿಮದ ಬೆಟ್ಟಗಳ ಮೇಲೆ ಜಾರುವ ಆಟಕ್ಕೆಂದೇ ಊರುಗಳಿವೆಯಂತೆ. ರೂಮಿಗೆ ದುಡ್ಡು, ಜಾರುವ ಹಲಗೆಗೆ ದುಡ್ಡು, ಬೆಟ್ಟ ಹತ್ತಿಸುವ ತೊಟ್ಟಿಲಿಗೆ ದುಡ್ಡು. ಅಂಥ ದುಬಾರಿ ಊರಿನಲ್ಲಿ ನಾಲ್ಕು ಜನರ ಸಂಸಾರ ಕೈಸುಡದೆ ಹೊಟ್ಟೆ ತುಂಬಿಸಿಕೊಳ್ಳುವ ಜಾಗವೆಂದರೆ ಪಿಜ್ಜಾ ಅಂಗಡಿ. ‘ದೊಡ್ಡದೊಂದು ತಗೊಂಡ್ರೆ ಎಲ್ಲರಿಗೂ ಆಗುತ್ತೆ ಮಿಸ್, ನಮ್ಮ ದೋಸೆ ಹೋಟೆಲ್ ಇದ್ದ ಹಾಗೆ’ ಎಂದಳು. ನಮ್ಮಲ್ಲಿ ಅದು ತಿರುವುಮುರುವಾಗಿದೆ. ಇಲ್ಲಿ ಒಂದು ಸಾಧಾರಣ ಪಿಜ್ಜಾದ ಬೆಲೆಗೆ ಟೌನ್ ಕ್ಯಾಂಟೀನಿನಲ್ಲಿ ಮನೆಮಂದಿಯೆಲ್ಲ ಮಸಾಲೆ ದೋಸೆ ತಿಂದು ಕೈ ತೊಳೆಯಬಹುದು. ಬಡವರ ತಿಂಡಿಯೊಂದು ಸಮುದ್ರ ದಾಟಿ ಬಂದ ಕೂಡಲೇ ಸಾಹುಕಾರನಾಗಿಬಿಟ್ಟಿತು.

ಬಡವರದೇ ಹೌದು. ಇಟಲಿಯ ನೇಪಲ್ಸ್ ಎಂಬ ಬಂದರಿನ ಊರಿನಲ್ಲಿ ಕೂಲಿಯವರು ಬೀದಿಯಲ್ಲೇ ನಿಂತು ತಿನ್ನುತ್ತಿದ್ದ ರೊಟ್ಟಿ ಅದು. 1889ರಲ್ಲಿ ಮಾರ್ಗರೀಟಾ ರಾಣಿ ಆ ಊರಿಗೆ ಬಂದಾಗ ಟೊಮೆಟೊ, ಚೀಸು, ಹಸಿರೆಲೆ ಹಾಕಿ ಮಾಡಿಕೊಟ್ಟದ್ದಕ್ಕೆ ಅವಳ ಹೆಸರೇ ಬಂತು ಎಂದು ಕಥೆ ಹೇಳುತ್ತಾರೆ. 2017ರಲ್ಲಿ ಯುನೆಸ್ಕೋದವರು ನೇಪಲ್ಸಿನ ಪಿಜ್ಜಾ ಮಾಡುವ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ರೊಟ್ಟಿ ಬಡಿಯುವವರ ಕೈಗೆ ಅಂಥ ಮಾನ ಸಿಕ್ಕಿತಲ್ಲ ಎಂದು ಓದಿ ನನಗೆ ಸಂತೋಷವೇ ಆಯಿತು.

ಈಗ ನಮ್ಮೂರ ಪಿಜ್ಜಾಕ್ಕೆ ಬರೋಣ. ಈ ಎರಡು ವರ್ಷಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆಗಳಲ್ಲಿ ನಾಲ್ಕಾರು ಕಡೆ ತಿಂದು ನೋಡಿದ್ದೇನೆ. ಹೆಸರು ಹೇಳುವುದಿಲ್ಲ, ಒಬ್ಬೊಬ್ಬರನ್ನೇ ಎಳೆದು ತಂದು ನಿಲ್ಲಿಸುವಷ್ಟು ವ್ಯತ್ಯಾಸ ಅವುಗಳಲ್ಲಿಲ್ಲ. ನೇಪಲ್ಸಿನ ಪಿಜ್ಜಾದ ಹಿಟ್ಟಿಗೆ ಹಿಟ್ಟು, ನೀರು, ಉಪ್ಪು, ಹುಳಿ ಬರಿಸುವ ಯೀಸ್ಟು ಬಿಟ್ಟರೆ ಬೇರೇನಿಲ್ಲ. ಎಂಟು ಗಂಟೆಗೂ ಹೆಚ್ಚು ಹೊತ್ತು ಹುದುಗಲು ಬಿಡುತ್ತಾರೆ. ಆಮೇಲೆ ಕಟ್ಟಿಗೆ ಉರಿಯುವ ಒಲೆಯಲ್ಲಿ ಸುಮಾರು 450 ಡಿಗ್ರಿ ಕಾವು. ಒಂದೂವರೆ ನಿಮಿಷದೊಳಗೆ ರೊಟ್ಟಿ ಹೊರಗೆ. ಅಂಚು ಉಬ್ಬಿ ಅಲ್ಲಲ್ಲಿ ಸುಟ್ಟ ಚುಕ್ಕೆ ಬಿದ್ದಿರಬೇಕು. ಇದನ್ನು ಕೇಳಿದಾಗ ನಿಮಗೇನು ನೆನಪಾಗುತ್ತದೆ? ನನಗಂತೂ ಕೆಂಡದ ಮೇಲೆ ಉಬ್ಬುವ ಅಕ್ಕಿರೊಟ್ಟಿ ನೆನಪಾಯಿತು.

ನಮ್ಮ ಅಂಗಡಿಗಳಲ್ಲಿ ಹಿಟ್ಟು ಹುದುಗಿಸುವ ಗೋಜೇ ಇಲ್ಲ. ಅದಕ್ಕೆ ಕಾರಣವೂ ಉಂಟೆನ್ನಿ. ಆಷಾಢದ ಮಳೆಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲವೆಂದು ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಮಲಗಿಸುವವರು ನಾವು. ಅದೇ ಚಳಿ ಅವರಿಗೂ ತಾನೇ? ಹಾಗಾಗಿ ಎಲ್ಲೋ ತಯಾರಾಗಿ ಪ್ಲಾಸ್ಟಿಕ್ಕಿನಲ್ಲಿ ಬಂದ ದಪ್ಪ ಬ್ರೆಡ್ಡಿನ ತಟ್ಟೆ, ಅದರ ಮೇಲೆ ಸಿಹಿ ಸಿಹಿಯಾದ ಟೊಮೆಟೊ ಸಾಸು, ದೊಣ್ಣೆಮೆಣಸು, ಡಬ್ಬದ ಜೋಳ, ಎಲ್ಲವನ್ನೂ ಮುಚ್ಚಿಹಾಕುವಷ್ಟು ಚೀಸು. ಬಿಸಿಯಿದ್ದಾಗ ರುಚಿ ಗೊತ್ತಾಗುವುದಿಲ್ಲ, ಆರಿದ ಮೇಲೆ ಹಲ್ಲಿಗೆ ರಬ್ಬರು. ಇದಕ್ಕಿಂತ ಅಯ್ಯಂಗಾರ್ ಬೇಕರಿಯ ಮಸಾಲೆ ಟೋಸ್ಟು ಎಷ್ಟೋ ಮೇಲು. ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್ಟಿನ ಖಾರದ ಪಲ್ಯ ಹಚ್ಚಿ ಹೆಂಚಿನ ಮೇಲೆ ಗರಿಯಾಗಿಸಿ ಕೊಡುವ ಅದನ್ನು ಪಕ್ಕದ ಹಾಸನದ ಸೀಮೆ ನಾಡಿಗೆ ಕೊಟ್ಟ ಪಿಜ್ಜಾ ಎಂದರೆ ತಪ್ಪೇನು? ಪಾಸ್ತಾದ ವಿಷಯ ಬೇಡ. ಶಾವಿಗೆಯನ್ನು ಅಷ್ಟು ಬೇಯಿಸಿದ್ದರೆ ನಮ್ಮಮ್ಮ ಹಸುವಿನ ಕಲಗಚ್ಚಿಗೆ ಸುರಿಯುತ್ತಿದ್ದಳು.

ತಿಂದಾದ ಮೇಲೆ ಕಾಫಿ ಕೇಳಿದರೆ ಇನ್ನೊಂದು ತಮಾಷೆ. ಯೆಮನ್ ದೇಶದ ಮೋಖಾದಿಂದ ಬಾಬಾಬುಡನ್ ಅವರು ಏಳು ಬೀಜ ತಂದು ಬಿತ್ತಿದರೆಂದು ಕಥೆಯಿರುವ ಗಿರಿ ಕಿಟಕಿಯಲ್ಲೇ ಕಾಣುತ್ತಿರುತ್ತದೆ. ಮೇಜಿನ ಮೇಲೆ ಬರುವುದು ಪುಡಿ ಕದಡಿದ ನೊರೆಹಾಲು, ಹೆಸರು ಕ್ಯಾಪುಚಿನೋ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ ಎಂಬುದು ನಿಮಗೆ ಗೊತ್ತೆ? ಅಲ್ಲಿಯವರ ಎಸ್ಪ್ರೆಸೋ ಲೋಟದ ಮೇಲೆ ನಿಲ್ಲುವ ಕಂದು ನೊರೆಗೆ ನಮ್ಮ ರೊಬಸ್ಟಾ ಬೀಜ ಬೇಕಂತೆ. ನಾವು ಅವರಿಗೆ ಒಳ್ಳೆಯ ಬೀಜ ಕಳಿಸಿದೆವು, ಅವರಿಂದ ನಮಗೆ ಹೆಸರುಗಳು ಬಂದವು! ಈ ಕೊಡುಕೊಳ್ಳುವಿಕೆಯಲ್ಲಿ 1996 ನೆನಪಿಡಬೇಕಾದ ವರ್ಷ. ಬೆಳೆಗಾರರು ತಮ್ಮ ಪೂರಾ ಬೆಳೆಯನ್ನು ಕಾಫಿ ಮಂಡಳಿಯ ಹಂಗಿಲ್ಲದೆ ಮಾರಿಕೊಳ್ಳುವಂತಾದದ್ದು ಆ ವರ್ಷ. ನಮ್ಮ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ, ಅದೇ ಊರಿನಲ್ಲಿ ಪಿಜ್ಜಾ ಹಟ್ ಬಾಗಿಲು ತೆರೆದದ್ದೂ ಆ ವರ್ಷವೇ. ನಮ್ಮ ಮಕ್ಕಳ ನಾಲಿಗೆ ಬದಲಾದದ್ದು ಎಲ್ಲಿಂದ ಎಂದು ಹುಡುಕುವವರು ಅಲ್ಲಿಂದ ಶುರು ಮಾಡಬಹುದು.

ಇಷ್ಟೆಲ್ಲ ಬೈದ ಮೇಲೂ ಆ ಅಂಗಡಿಗಳು ಮುಚ್ಚಿಹೋಗಲಿ ಎಂದು ನಾನು ಹೇಳಲಾರೆ. ಏಕೆಂದರೆ ಅಲ್ಲಿ ಒಂದು ವಸ್ತು ಚೆನ್ನಾಗಿದೆ. ಅದು ಕುರ್ಚಿ.

ನಾನು ಹುಡುಗಿಯಾಗಿದ್ದಾಗ ಹೋಟೆಲುಗಳಲ್ಲಿ ಹೆಂಗಸರಿಗೆ ‘ಫ್ಯಾಮಿಲಿ ರೂಮ್’ ಎಂಬ ಗೂಡು ಇರುತ್ತಿತ್ತು. ಜಿಡ್ಡು ಹಿಡಿದ ಪರದೆ, ಗಾಳಿಯಿಲ್ಲ, ಮಾಣಿ ತಲೆ ಹಾಕಿ ‘ಏನ್ ಬೇಕು’ ಅಂದರೆ ಉತ್ತರ ಹೇಳುವುದು ಅಪ್ಪನೋ ಅಣ್ಣನೋ. ಜೊತೆಗೆ ಗಂಡಸಿಲ್ಲದೆ ಒಳಗೆ ಹೋಗುವ ಮಾತೇ ಇಲ್ಲ. ಹೋದರೂ ತಿಂದ ತಕ್ಷಣ ಏಳಬೇಕು, ಹಿಂದೆ ಇನ್ನೊಬ್ಬರು ಕಾದು ನಿಂತಿರುತ್ತಾರೆ. ನಮ್ಮ ಈಗಿನ ದರ್ಶಿನಿಗಳಲ್ಲಂತೂ ನಿಂತೇ ನುಂಗಬೇಕು. ಪಿಜ್ಜಾ ಅಂಗಡಿಯಲ್ಲಿ ಹಾಗಲ್ಲ. ಪಿಯುಸಿ ಹುಡುಗಿಯರು ನಾಲ್ವರು ಸೇರಿ ದುಡ್ಡು ಕೂಡಿಸಿ ಒಂದೇ ಒಂದು ಪಿಜ್ಜಾ ತರಿಸಿಕೊಂಡು ಒಂದು ಗಂಟೆ ಕೂತು ನಗುವುದನ್ನು ನೋಡಿದ್ದೇನೆ. ಯಾರೂ ಎಬ್ಬಿಸುವುದಿಲ್ಲ, ಯಾರೂ ಮನೆಗೆ ವರದಿ ಒಯ್ಯುವುದಿಲ್ಲ. ಬಚ್ಚಲು, ಶೌಚದ ಕೋಣೆ ಚೊಕ್ಕಟವಾಗಿರುತ್ತದೆ. ಬೆಳಗಿನಿಂದ ಗಿರಿ ಸುತ್ತಿ ಬಂದ ಹೆಂಗಸಿಗೆ ಇದರ ಬೆಲೆ ಎಷ್ಟೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಏನು ಬೇಕಮ್ಮ ಎಂದರೆ ‘ಪಿಜ್ಜಾ ಮಿಸ್’ ಅಂದಳು. ಅವಳ ತಾಯಿ ಗಿರಿಯ ದಾರಿಯ ಒಂದು ಹೋಂಸ್ಟೇಯಲ್ಲಿ ಅಡಿಗೆಗೆ ಇದ್ದಾರೆ. ಅವರನ್ನೂ ಕರೆದುಕೊಂಡು ಹೋದೆ. ಶನಿವಾರ, ಭಾನುವಾರ ಬಂತೆಂದರೆ ಆಕೆ ಅರವತ್ತು ಎಪ್ಪತ್ತು ಅಕ್ಕಿರೊಟ್ಟಿ ತಟ್ಟುತ್ತಾರೆ. ಜೊತೆಗೆ ಕಡುಬು, ಕೋಳಿ ಸಾರು, ಮಳೆಗಾಲವಾದರೆ ಕಳಲೆ. ಕಳಲೆಯೆಂದರೆ ಸುಮ್ಮನೆಯೆ? ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಒಲೆಗೆ. ಬೆಂಗಳೂರಿನವರು ‘ಅಥೆಂಟಿಕ್’ ಎಂದು ಫೋಟೋ ತೆಗೆದುಕೊಂಡು ತಲೆಗೆ ಇಷ್ಟು ಸಾವಿರವೆಂದು ಕೊಟ್ಟು ಹೋಗುತ್ತಾರೆ. ಈ ತಾಯಿ ಮಾತ್ರ ಆ ಊಟದ ಮೇಜಿಗೆ ಒಂದು ದಿನವೂ ಕೂತವರಲ್ಲ.

ಪಿಜ್ಜಾ ಬಂತು. ಆಕೆ ಮೊದಲು ಅಂಚನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಒಂದು ತುಂಡು ತಿಂದರು.

‘ಮೇಡಂ, ಇದು ನಮ್ ರೊಟ್ಟಿ ಮೇಲೆ ಪಲ್ಯ ಹಚ್ದಂಗೇ ಅಲ್ವಾ? ಆದ್ರೆ ರೊಟ್ಟಿನೇ ಸರಿಯಾಗಿ ಬೆಂದಿಲ್ಲ.’

ಮಗಳಿಗೆ ನಾಚಿಕೆ. ‘ಅಮ್ಮ, ಸುಮ್ನಿರು’ ಎಂದು ಮೊಣಕೈಯಲ್ಲಿ ತಿವಿದಳು. ಆಕೆ ಸುಮ್ಮನಾಗಲಿಲ್ಲ.

‘ಇರ್ಲಿ ಬಿಡೇ. ಯಾರೋ ಮಾಡಿ ತಂದ್ಕೊಟ್ಟಿದ್ದನ್ನ ಫ್ಯಾನಿನ ಕೆಳಗೆ ಕೂತ್ಕೊಂಡು ತಿಂತಿದೀನಲ್ಲ, ನಂಗೆ ಅದೇ ರುಚಿ.’

ನಾನು ಓದಿದ ಎಷ್ಟೋ ವಿಮರ್ಶೆಗಳಲ್ಲಿ ಇಷ್ಟು ಖಚಿತವಾದ ತೀರ್ಪು ಕಂಡಿಲ್ಲ. ತಿಂಡಿಗೆ ಎಷ್ಟು ಅಂಕ, ಕುರ್ಚಿಗೆ ಎಷ್ಟು ಅಂಕ ಎಂದು ಬೇರೆ ಬೇರೆ ಹಾಕಿಕೊಟ್ಟರು ಆಕೆ.

ನನ್ನ ತಕರಾರೂ ಇಷ್ಟೇ. ಕುರ್ಚಿ ಇರುವಲ್ಲಿ ರೊಟ್ಟಿ ಬೆಂದಿಲ್ಲ. ರೊಟ್ಟಿ ಬೆಂದಿರುವುದು ಒಂದೋ ಮನೆಯಲ್ಲಿ, ಅಲ್ಲಿ ತಟ್ಟುವವಳಿಗೆ ಕುರ್ಚಿಯಿಲ್ಲ. ಇಲ್ಲವೋ ಹೋಂಸ್ಟೇಯಲ್ಲಿ, ಅಲ್ಲಿ ಊರವರಿಗೆ ಕೈಗೆಟುಕುವ ಬೆಲೆಯಿಲ್ಲ. ಅಕ್ಕಿಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ, ಬಿಸಿ ಇರುವಾಗಲೇ ನಾದಿ, ಕಾಗದದಷ್ಟು ತೆಳ್ಳಗೆ ಮಾಡಿ, ಕಾವಲಿಯಿಂದ ಕೆಂಡಕ್ಕೆ ಹಾಕಿ ಉಬ್ಬಿಸುವ ಕೈಚಳಕ ನೇಪಲ್ಸಿನವರದಕ್ಕಿಂತ ಯಾವುದರಲ್ಲಿ ಕಡಿಮೆ? ಆದರೂ ನಮ್ಮ ಪೇಟೆಯ ಮುಖ್ಯ ರಸ್ತೆಯಲ್ಲಿ ‘ಅಕ್ಕಿರೊಟ್ಟಿ ಸಿಗುತ್ತದೆ’ ಎಂಬುದಕ್ಕಿಂತ ಗೋಬಿ ಮಂಚೂರಿ, ನೂಡಲ್ಸುಗಳ ಬೋರ್ಡೇ ಹೆಚ್ಚು. ಮನೆಯಲ್ಲಿ ದಿನಾ ತಿನ್ನುವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಎನ್ನುತ್ತಾರೆ ಹೋಟೆಲಿನವರು. ದೋಸೆಯನ್ನೂ ಮನೆಯಲ್ಲಿ ತಿನ್ನುತ್ತೇವಲ್ಲ?

ದುಡ್ಡಿನ ಮಾತು ಬಂದದ್ದರಿಂದ ಹೊರನಾಡನ್ನು ಬಿಡುವಂತಿಲ್ಲ. ಕಳಸದಿಂದ ಒಂದಿಷ್ಟು ದೂರ ಹೋದರೆ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ಯಾರು, ಎಲ್ಲಿಯವರು ಎಂದು ಕೇಳುವವರಿಲ್ಲ, ದುಡ್ಡಿನ ಮಾತಂತೂ ಇಲ್ಲವೇ ಇಲ್ಲ. ಈ ಗುಡ್ಡಗಳಲ್ಲಿ ಅಗ್ಗದ ಊಟದ ಪಟ್ಟಿ ಮಾಡುವವರು ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಅದನ್ನೇ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಮ್ಮಂಥವರಿಗೆ ಅದು ದೊಡ್ಡ ಆಸರೆ. ಆದರೆ ಅದು ಪ್ರಸಾದ, ಪಂಕ್ತಿ ಏಳುವಾಗ ಏಳಬೇಕು. ಗೆಳತಿಯೊಡನೆ ಕೂತು ಅತ್ತೆಯನ್ನು ಆಡಿಕೊಳ್ಳುವ ಜಾಗವಲ್ಲ.

ಮೂಡಿಗೆರೆಗೆ ಹೋಗುವ ದಾರಿಯಲ್ಲಿ ಇತ್ತೀಚೆಗೆ ಒಂದು ಸಣ್ಣ ಅಂಗಡಿ ಕಣ್ಣಿಗೆ ಬಿತ್ತು. ತಗಡಿನ ಮಾಡು, ಎರಡು ಮೇಜು, ಆರು ಪ್ಲಾಸ್ಟಿಕ್ ಕುರ್ಚಿ. ನಡೆಸುವವರು ಅಕ್ಕ ತಂಗಿ. ಎರಡು ಅಕ್ಕಿರೊಟ್ಟಿ, ಕಾಯಿ ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಸೇರಿ 60 ರೂಪಾಯಿ. ರೊಟ್ಟಿ ಉಬ್ಬಿತ್ತು, ಅಂಚಿನಲ್ಲಿ ಸುಟ್ಟ ಚುಕ್ಕೆಗಳೂ ಇದ್ದವು. ಎಣ್ಣೆಗಾಯಿಗೆ ಹುಳಿ ಒಂದು ಗುಲಗಂಜಿ ಜಾಸ್ತಿ. ಕಾಫಿ ಬೆಲ್ಲದ್ದು, ಸ್ಟೀಲ್ ಲೋಟದಲ್ಲಿ, ಕೈ ಸುಡುವಷ್ಟು ಬಿಸಿ. ಮಳೆ ಜೋರಾಗಿದ್ದರಿಂದ ಮುಕ್ಕಾಲು ಗಂಟೆ ಕೂತೆ. ಏಳಿ ಎಂದು ಯಾರೂ ಅನ್ನಲಿಲ್ಲ. ಹೊರಡುವ ಮೊದಲು ದೊಡ್ಡವಳನ್ನು ಮೆಲ್ಲಗೆ ಕರೆದು, ಹೆಂಗಸರಿಗೆ ಇಲ್ಲಿ ಅನುಕೂಲ ಏನಾದರೂ ಇದೆಯೇ ಎಂದು ಕೇಳಿದೆ. ‘ಅಂಗ್ಡಿಲಿ ಇಲ್ಲ ಮೇಡಂ, ಹಿಂದೆನೇ ನಮ್ಮನೆ, ಬನ್ನಿ’ ಎಂದು ಕೊಡೆ ಬಿಡಿಸಿ ನನ್ನನ್ನು ತನ್ನ ಮನೆಗೇ ಕರೆದುಕೊಂಡು ಹೋದಳು.