ಸ್ಟೇಜ್ ಒನ್‌ಗೆ ಚೇಂಜ್‌ಲಾಗ್ ಎಲ್ಲಿದೆ?

ಐಟಿ ಪಾರ್ಕುಗಳ ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಈಗಿನ ಬಡಾಯಿ "ಸ್ಟೇಜ್ ಒನ್ ಮಾಡಿಸ್ದೆ ಮಚ್ಚಾ" ಅನ್ನೋದು. ಬಾನೆಟ್ ಎತ್ತಿ ನೋಡಿದ್ರೆ ಏನೂ ಬದಲಾಗಿರಲ್ಲ. ಬದಲಾಗಿರೋದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್ ಒಳಗಿನ ಒಂದು ಬೈನರಿ ಫೈಲ್. ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಕೇಬಲ್ ಚುಚ್ಚಿದರೆ ಸಾಕು, ಟೀ ಕುಡಿದು ಬರೋ ಹೊತ್ತಿಗೆ ಕೆಲಸ ಮುಗಿದಿರುತ್ತೆ. ಕೈಗೆ ಒಂದು ಗ್ರಾಫ್ ಕೊಡ್ತಾರೆ: ಮೊದಲು ಇಷ್ಟು ಹಾರ್ಸ್‌ಪವರ್, ಈಗ ಇಷ್ಟು. ಅಷ್ಟೇ.

ನನ್ನ ತಕರಾರು ಪವರ್ ಬಗ್ಗೆ ಅಲ್ಲ. ಆಫೀಸಲ್ಲಿ ಮೂರು ಸಾಲು ಕೋಡ್ ಬದಲಾಯಿಸಿದರೂ ಇಬ್ಬರು ರಿವ್ಯೂ ಮಾಡಬೇಕು ಅಂತ ಹಟ ಹಿಡಿಯುವ ನಾವೇ, ಟನ್ನುಗಟ್ಟಲೆ ತೂಕದ ಗಾಡಿಗೆ ಡಿಫ್ ಇಲ್ಲದ, ಚೇಂಜ್‌ಲಾಗ್ ಇಲ್ಲದ ಫೈಲನ್ನು ಹಾಕಿಸಿಕೊಂಡು ಹೆಂಡ್ತಿ ಮಕ್ಕಳನ್ನು ಕೂರಿಸಿಕೊಂಡು ಹೊರಡ್ತೀವಲ್ಲ, ಅದರ ಬಗ್ಗೆ.

ಆ ಫೈಲಲ್ಲಿ ಮಂತ್ರ ಏನೂ ಇಲ್ಲ, ಬಹುಪಾಲು ಕೋಷ್ಟಕಗಳು. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಲೋಡ್, ಮಧ್ಯದ ಮನೆಗಳಲ್ಲಿ ಎಷ್ಟು ಇಂಧನ, ಎಷ್ಟು ಬೂಸ್ಟ್, ಸ್ಪಾರ್ಕ್ ಯಾವಾಗ ಅನ್ನೋ ಲೆಕ್ಕ. ಇವುಗಳ ಮೇಲೆ ಕಾವಲುಗಾರರ ಥರ ಲಿಮಿಟರ್‌ಗಳು: ಟಾರ್ಕ್ ಇದಕ್ಕಿಂತ ಹೆಚ್ಚು ಬೇಡ, ಬಂದ ಗಾಳಿಗೆ ಇದಕ್ಕಿಂತ ಹೆಚ್ಚು ಡೀಸೆಲ್ ಬೇಡ. ವಿನ್‌ಓಎಲ್‌ಎಸ್ ಥರದ ಟೂಲು ಇದೇ ಹೆಕ್ಸ್ ರಾಶಿಯನ್ನು ಗುಡ್ಡ ಕಣಿವೆಯ ಚಿತ್ರವಾಗಿ ತೋರಿಸುತ್ತೆ. ಯಾವ ಗುಡ್ಡ ಯಾವುದರದ್ದು ಅಂತ ಗುರುತಿಸೋದೇ ಟ್ಯೂನರ್ ವಿದ್ಯೆ. ಅದಕ್ಕೆ ಮರ್ಯಾದೆ ಕೊಡಲೇಬೇಕು, ಸುಲಭದ ಕೆಲಸ ಅಲ್ಲ.

ಆದರೆ ಮೋಸಕ್ಕೂ ಅಲ್ಲೇ ಜಾಗ. ಈಗಿನ ಇಸಿಯುಗಳಲ್ಲಿ ಆಕ್ಸಿಲರೇಟರ್ ನೇರವಾಗಿ ಇಂಧನ ಬಿಡಲ್ಲ, "ಇಷ್ಟು ಟಾರ್ಕ್ ಬೇಕು" ಅಂತ ಕೇಳುತ್ತೆ. ಆ ಪೆಡಲ್ ಕೋಷ್ಟಕ ಒಂದನ್ನೇ ಏರಿಸಿದರೆ ಅರ್ಧ ಒತ್ತಿದಾಗಲೇ ಮೊದಲಿನ ಪೂರ್ತಿ ಎಳೆತ ಸಿಗುತ್ತೆ. ಎಂಜಿನ್ ಒಂದು ಹಾರ್ಸ್‌ಪವರ್ ಹೆಚ್ಚು ಕೊಡದೇ ಇದ್ದರೂ "ಗಾಡಿ ಚಿಂದಿ ಆಗಿದೆ ಗುರೂ" ಅನ್ನಿಸುತ್ತೆ. ಹಾಗೆ ಮಾಡಿದ್ದಾರಾ ಅಥವಾ ನಿಜವಾದ ಕೆಲಸ ಮಾಡಿದ್ದಾರಾ ಅಂತ ಕಾಸು ಕೊಟ್ಟವನು ತಿಳಿಯೋದು ಹೇಗೆ?

"ಕಂಪನಿಯವರೇ ಸಾಫ್ಟ್‌ವೇರಲ್ಲಿ ಕಟ್ಟಿಹಾಕಿರ್ತಾರೆ, ನಾವು ಬಿಚ್ಚುತ್ತೀವಿ ಅಷ್ಟೆ" ಅನ್ನೋದು ಎಲ್ಲರ ಬಾಯಲ್ಲಿರುವ ವಾದ. ಕೆಲವು ಎಂಜಿನ್ನುಗಳಿಗೆ ನಿಜ. ಆದರೆ ನಮ್ಮ ದೇಶದಲ್ಲಿ ಇದಕ್ಕೆ ಕೊಡುತ್ತಿದ್ದ ಉದಾಹರಣೆಯೇ ತಪ್ಪು. ಸ್ವಿಫ್ಟ್‌ನಲ್ಲಿದ್ದ 1.3 ಲೀಟರ್ ಫಿಯೆಟ್ ಡೀಸೆಲ್ 75 ಪಿಎಸ್, ಎರ್ಟಿಗಾದಲ್ಲಿದ್ದ ಅದೇ ಎಂಜಿನ್ 90. ವ್ಯತ್ಯಾಸ ಬರೀ ಸಾಫ್ಟ್‌ವೇರ್ ಆಗಿರಲಿಲ್ಲ, ಟರ್ಬೋನೇ ಬೇರೆ ಇತ್ತು. ಇನ್ನು ವರ್ಟಸ್ ನೋಡಿ. ಅದರ 1.5 ಟಿಎಸ್‌ಐ ಎಂಜಿನ್ ಕಾರ್ಖಾನೆಯಿಂದಲೇ 250 ನ್ಯೂಟನ್ ಮೀಟರ್ ಕೊಡುತ್ತೆ. ಜೊತೆಗೆ ಬರುವ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸಿನ ಗರಿಷ್ಠ ಮಿತಿಯೂ 250. ಬಿಚ್ಚೋಕೆ ಅಲ್ಲಿ ಕಟ್ಟಿದ್ದು ಏನಿದೆ? ಗ್ರಾಫಿನಲ್ಲಿ ಎಂಜಿನ್ ಇದೆ, ಗೇರ್‌ಬಾಕ್ಸ್ ಇಲ್ಲ.

ಹಾಗಂತ ಕಂಪನಿಯ ಸಾಫ್ಟ್‌ವೇರ್ ಮುಟ್ಟಲೇಬಾರದು ಅನ್ನೋರ ಪಕ್ಷ ನಾನಲ್ಲ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದಿದ್ದು ನೆನಪಿದೆಯಲ್ಲ? ಎಮಿಷನ್ ಟೆಸ್ಟ್ ನಡೀತಿದೆ ಅಂತ ಗೊತ್ತಾದರೆ ಸಭ್ಯ, ರಸ್ತೆಗೆ ಬಂದರೆ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೆ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಕೋಡ್ ಇತ್ತು. ಮರು ತಿಂಗಳೇ ಅಮೆರಿಕದಲ್ಲಿ, ತಯಾರಕರ ವಿರೋಧದ ನಡುವೆ, ತನ್ನ ಗಾಡಿಯ ಸಾಫ್ಟ್‌ವೇರನ್ನು ಮಾಲೀಕ ರಿಪೇರಿಗಾಗಿ ತೆರೆದು ನೋಡಬಹುದು, ಕಾನೂನಿನ ಮಿತಿಯಲ್ಲಿ ಬದಲಾಯಿಸಬಹುದು ಅಂತ ಕಾಪಿರೈಟ್ ವಿನಾಯಿತಿ ಸಿಕ್ಕಿತು. ಮುಚ್ಚಿದ ಫೈಲು ಏನೇನು ಅಡಗಿಸಬಲ್ಲದು ಅಂತ ಜಗತ್ತು ನೋಡಿದ್ದು ಅದೇ ವರ್ಷ. ಟ್ಯೂನರ್‌ಗಳು ಆ ಬೀಗ ಒಡೆದರು, ಒಳ್ಳೇದು. ಆದರೆ ಒಳಗೆ ಹೋಗಿ ತಮ್ಮದೇ ಬೀಗ ಜಡಿದರು. ತಮ್ಮ ಫೈಲನ್ನು ಬೇರೆಯವರು ಓದದ ಹಾಗೆ ಲಾಕ್ ಮಾಡಿ ಕೊಡೋರೂ ಇದ್ದಾರೆ.

ಬೇರೆ ದಾರಿಯೇ ಇಲ್ಲ ಅಂತೇನಲ್ಲ. ಸುಬರು ಕಾರುಗಳಿಗೆ ರೋಮ್‌ರೈಡರ್ ಅನ್ನೋ ಓಪನ್ ಸೋರ್ಸ್ ಟೂಲ್ ಇದೆ. ಯಾವ ವಿಳಾಸದಲ್ಲಿ ಯಾವ ಕೋಷ್ಟಕ ಅನ್ನೋದನ್ನು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ನೋಡೋಕೆ ಹಳೇ ಜಾವಾ ಅಪ್ಲಿಕೇಶನ್ ಥರ ಬೋರು. ಆದರೆ ಹಳೇ ಫೈಲು ಹೊಸ ಫೈಲು ಎರಡನ್ನೂ ತೆರೆದು ಏನೇನು ಬದಲಾಗಿದೆ ಅಂತ ಕೂತು ನೋಡಬಹುದು.

ಊರಲ್ಲಿ ಟ್ರ್ಯಾಕ್ಟರ್ ಎಳೀತಿಲ್ಲ ಅಂದರೆ ಮೆಕ್ಯಾನಿಕ್ ಡೀಸೆಲ್ ಪಂಪಿನ ಸೀಲ್ ಕಿತ್ತು ಸ್ಕ್ರೂ ತಿರುಗಿಸುತ್ತಿದ್ದ. ಎಳೆತವೂ ಬರ್ತಿತ್ತು, ಕಪ್ಪು ಹೊಗೆಯೂ ಬರ್ತಿತ್ತು. ಅದೂ ತಪ್ಪೇ. ಆದರೆ ಕಿತ್ತ ಸೀಲು ಪಂಪಿನ ಮೇಲೇ ನೇತಾಡ್ತಿತ್ತು, ಕೊಳ್ಳೋಕೆ ಬಂದವನು ನೋಡಿ ರೇಟ್ ಇಳಿಸ್ತಿದ್ದ. ಇವತ್ತು ಡೀಸೆಲ್ ಎಸ್‌ಯುವಿಯ ಮಸಿ ಹಿಡಿಯುವ ಡಿಪಿಎಫ್ ಕಿತ್ತು, ವಾರ್ನಿಂಗ್ ಲೈಟ್ ಹತ್ತದ ಹಾಗೆ ಫೈಲಲ್ಲೂ ಅದನ್ನು ಸಾಯಿಸಿದರೆ ಡ್ಯಾಶ್‌ಬೋರ್ಡ್ ಶುಭ್ರ. ಹಿಂದಿರುವ ಸ್ಕೂಟರಿನವನಿಗೆ ಹೊಗೆ. ಎರಡು ವರ್ಷದ ನಂತರ ಆ ಗಾಡಿ ಕೊಳ್ಳುವ ಸೆಕೆಂಡ್ ಓನರ್‌ಗೆ ಸರ್ವಿಸ್ ಹಿಸ್ಟರಿ ಸಿಗುತ್ತೆ, ಫೈಲ್ ಹಿಸ್ಟರಿ ಸಿಗಲ್ಲ.

ಮಾಡಿಸಲೇಬೇಕು ಅಂತಿದ್ದರೆ ದುಡ್ಡು ಕೊಡೋ ಮುಂಚೆ ಮೂರು ವಿಷಯ ಕೇಳಿ. ನನ್ನ ಒರಿಜಿನಲ್ ಫೈಲ್ ಪೆನ್‌ಡ್ರೈವಲ್ಲಿ ಕೊಡ್ತೀರಾ? ಯಾವ ಯಾವ ಕೋಷ್ಟಕ ಮುಟ್ಟಿದ್ದೀರಿ, ಎಷ್ಟೆಷ್ಟು? ಯಾವ ಲಿಮಿಟರ್ ಎತ್ತಿದ್ದೀರಿ? "ಅದೆಲ್ಲ ಟ್ರೇಡ್ ಸೀಕ್ರೆಟ್ ಸಾರ್" ಅಂದರೆ ಅಲ್ಲಿಂದ ಟೀ ಕುಡಿದು ವಾಪಸ್ ಬನ್ನಿ.